ಬೀಗದ ಕೈ ಯಾರ ಸೊಂಟದಲ್ಲಿದೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಈ ಸಲದ ಅಂಚೆಚೀಲ ಬಿಚ್ಚಿದರೆ ಹೆಚ್ಚುಕಡಿಮೆ ಒಂದೇ ಕೊರಗು. ಅಂಗಡಿಯ ಕಂಪ್ಯೂಟರ್, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ, ಇಂಟರ್‌ನೆಟ್, ಕ್ಯಾಮೆರಾ ಇವನ್ನೆಲ್ಲ ನೋಡಿಕೊಳ್ಳುವುದಕ್ಕೆ ಯಾರನ್ನು ಗೊತ್ತುಮಾಡಿಕೊಳ್ಳಬೇಕು ಎನ್ನುವುದು. ನಾನು ದಾವಣಗೆರೆಯ ಮಂಡಿಪೇಟೆಯಲ್ಲಿ 1998ರಿಂದ ಇಪ್ಪತ್ತಮೂರು ವರ್ಷ ಇದೇ ಕೆಲಸ ಮಾಡಿದವನು. ಅದಕ್ಕೂ ಮೊದಲು ದಲಾಲಿ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಆಚೆಗೂ ಈಚೆಗೂ ಕುಳಿತು ನೋಡಿದ್ದೇನೆ. ಈಗ ಅಂಗಡಿ ಮುಚ್ಚಿರುವುದರಿಂದ ನಿಮ್ಮ ವ್ಯಾಪಾರ ನನಗೆ ಬೇಕಿಲ್ಲ; ಧೈರ್ಯವಾಗಿ ಕೇಳಿ.

ಬೀಜದ ವ್ಯಾಪಾರಿ, ರಾಣೆಬೆನ್ನೂರು: ನಮ್ಮದು ಬೀಜ, ಗೊಬ್ಬರದ ಸಗಟು ಅಂಗಡಿ. ಆರು ಕಂಪ್ಯೂಟರ್, ಎರಡು ಪ್ರಿಂಟರ್, ಎಂಟು ಕ್ಯಾಮೆರಾ ಇವೆ. ಇದುವರೆಗೆ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಈಗ ಮೂವರು ಬಂದಿದ್ದಾರೆ. ಒಬ್ಬ, ಕರೆದಾಗ ಬರುತ್ತೇನೆ, ಸಲಕ್ಕೆ 400 ರೂಪಾಯಿ ಎನ್ನುತ್ತಾನೆ. ಇನ್ನೊಬ್ಬರು ಊರಿನಲ್ಲೇ ಮೂವರು ಹುಡುಗರನ್ನಿಟ್ಟುಕೊಂಡು ಸರ್ವಿಸ್ ಸೆಂಟರ್ ನಡೆಸುವವರು, ವರ್ಷಕ್ಕೆ 18,000 ರೂಪಾಯಿ ಎ.ಎಂ.ಸಿ. (ವರ್ಷದ ನಿರ್ವಹಣೆಯ ಕರಾರು) ಹೇಳಿದ್ದಾರೆ. ಮೂರನೆಯದು ಬೆಂಗಳೂರಿನ ಕಂಪನಿ. ಕಂಪ್ಯೂಟರ್ ಒಂದಕ್ಕೆ ತಿಂಗಳಿಗೆ 900 ರೂಪಾಯಿ, ಎಲ್ಲವನ್ನೂ ಅಲ್ಲಿಂದಲೇ ನೋಡಿಕೊಳ್ಳುತ್ತಾರಂತೆ. ಯಾರನ್ನು ಹಿಡಿಯಲಿ?

ಜೋಳ, ಗೋಧಿ, ಸಜ್ಜೆ ಮೂರನ್ನೂ ಒಂದೇ ತಕ್ಕಡಿಗೆ ಸುರಿದು ದರ ಕೇಳಿದಂತಾಯಿತು. ಆದರೂ ಲೆಕ್ಕ ಹಾಕಿಬಿಡೋಣ. ಕರೆದಾಗ ಬರುವ ಹುಡುಗ ತಿಂಗಳಿಗೆ ಎರಡು ಸಲ ಬಂದರೂ ವರ್ಷಕ್ಕೆ 9,600. ಊರಿನ ಸರ್ವಿಸ್‌ನವರದು ಶೇ 18ರ ಜಿ.ಎಸ್.ಟಿ. ಸೇರಿ 21,240. ಬೆಂಗಳೂರಿನವರದು ತೆರಿಗೆ ಸೇರಿ 76,464. ಇಷ್ಟು ನೋಡಿದ ಕೂಡಲೇ ಕೈ ಹುಡುಗನ ಕಡೆಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ.

ಜೂನ್ ಮೊದಲ ವಾರ, ಒಂದು ಹದ ಮಳೆ ಬಿದ್ದಿದೆ ಎಂದುಕೊಳ್ಳಿ. ಬೆಳಿಗ್ಗೆ ಏಳಕ್ಕೇ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿವೆ. ಬಿಲ್ಲಿಂಗ್ ಯಂತ್ರ ಏಳುತ್ತಿಲ್ಲ. ಕೈಬರಹದ ಬಿಲ್ ಕೊಟ್ಟು ಕಳುಹಿಸಬಹುದು. ಆದರೆ ನಾಳೆ ಬೀಜ ಮೊಳೆಯದಿದ್ದರೆ ರೈತ ಬರುವುದು ಆ ಬಿಲ್ ಹಿಡಿದುಕೊಂಡೇ, ಅದರಲ್ಲಿ ಲಾಟ್ ಸಂಖ್ಯೆ ತಪ್ಪಿದ್ದರೆ ನೀವು ಕೆಟ್ಟಿರಿ. ಅಂಥ ದಿನ ಒಂದು ಹೊತ್ತು ಬಿಲ್ಲಿಂಗ್ ನಿಂತರೆ ನಿಮಗೆಷ್ಟು ನಷ್ಟ? ಆ ಮೊತ್ತವನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಂಡ ಮೇಲೆ ಮೂವರ ದರವನ್ನು ನೋಡಿ. ಆ ಹುಡುಗ ಒಳ್ಳೆಯವನೇ ಇರಬಹುದು. ಆದರೆ ಅದೇ ಮಳೆಗೆ ಇನ್ನೂ ಹತ್ತು ಅಂಗಡಿಯವರು ಅವನನ್ನೇ ಕರೆಯುತ್ತಿರುತ್ತಾರೆ, ಅವನಿಗಿರುವುದು ಒಂದೇ ಬೈಕು.

ಈಗ ನನ್ನದೊಂದು ತಪ್ಪು ಹೇಳುತ್ತೇನೆ, ನಿಮ್ಮ ಆಯ್ಕೆಗೆ ಅದು ಬೇಕು. 2009ರಲ್ಲಿ ಒಂದು ಅಕ್ಕಿ ಗಿರಣಿಯ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಸಂಜೆ ಏಳರ ಹೊತ್ತಿಗೆ ಹೋದೆ. ಗುಮಾಸ್ತರು ‘ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ, ನೀವು ಫಾರ್ಮ್ಯಾಟ್ ಮಾಡಿ’ ಎಂದರು. ಡಿ ಡ್ರೈವ್ ತೆರೆದೆ. ಟ್ಯಾಲಿಯ ಫೋಲ್ಡರ್ ಇತ್ತು, ಒಳಗೆ ಐದಂಕಿಯ ಹೆಸರಿನ ಫೋಲ್ಡರ್‌ಗಳೂ ಇದ್ದವು. ಸರಿ ಎಂದು ಸಿ ಡ್ರೈವ್ ಒರೆಸಿದೆ. ಒಂಬತ್ತೂವರೆಗೆ ಎಲ್ಲ ಹಾಕಿ ಮುಗಿಸಿ ಟ್ಯಾಲಿ ತೆರೆದರೆ ಕೊನೆಯ ವೋಚರ್ ಜುಲೈ ತಿಂಗಳದ್ದು. ನಾವಿದ್ದದ್ದು ನವೆಂಬರಿನಲ್ಲಿ. ಡಿ ಡ್ರೈವ್‌ನಲ್ಲಿದ್ದದ್ದು ಯಾರೋ ಎಂದೋ ನಕಲು ಮಾಡಿಟ್ಟ ಹಳೆಯ ಪ್ರತಿ. ಚಾಲ್ತಿಯ ಲೆಕ್ಕವಿದ್ದದ್ದು ನಾನು ಒರೆಸಿದ ಸಿ ಡ್ರೈವ್‌ನಲ್ಲಿ. ಗಿರಣಿಯ ಮಾಲೀಕರು ಬೈಯಲಿಲ್ಲ. ಸುಮ್ಮನೆ ಕುರ್ಚಿಯ ಮೇಲೆ ಕುಳಿತು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಪುಣ್ಯಕ್ಕೆ ಅವರ ಗುಮಾಸ್ತರು ಕಂಪ್ಯೂಟರನ್ನು ನಂಬದವರು, ಕೈಯಲ್ಲೂ ಕಿರ್ದಿ ಬರೆಯುತ್ತಿದ್ದರು. ಅದನ್ನಿಟ್ಟುಕೊಂಡು ಹತ್ತೊಂಬತ್ತು ರಾತ್ರಿ ನಾನೂ ಅವರೂ ನಾಲ್ಕು ತಿಂಗಳ ಲೆಕ್ಕವನ್ನು ಮತ್ತೆ ಹೊಡೆದೆವು. ಅವರು ಓದುವುದು, ನಾನು ಒತ್ತುವುದು.

ಅಂದಿನಿಂದ ನಾನು ಯಾರ ‘ಬ್ಯಾಕಪ್ ಇದೆ’ ಎನ್ನುವ ಮಾತನ್ನೂ ನಂಬುವುದಿಲ್ಲ. ನೀವೂ ನಂಬಬೇಡಿ. ಮೂವರನ್ನೂ ಕೂರಿಸಿಕೊಂಡು ಒಂದೇ ಕೆಲಸ ಹೇಳಿ: ‘ನಮ್ಮ ಲೆಕ್ಕದ ಬ್ಯಾಕಪ್ ತೆಗೆದು, ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದು, ಹೋದ ತಿಂಗಳ 12ನೇ ತಾರೀಖಿನ ಮೂರನೇ ಬಿಲ್ ತೋರಿಸಿ. ತೋರಿಸಿದ ಮೇಲೆ ನಮ್ಮೆದುರಿಗೇ ಅಳಿಸಿಬಿಡಿ.’ ಒಬ್ಬ ಹತ್ತು ನಿಮಿಷದಲ್ಲಿ ತೋರಿಸುತ್ತಾನೆ. ಒಬ್ಬ ‘ಅದೆಲ್ಲ ಆಮೇಲೆ ಮಾಡೋಣ, ಮೊದಲು ಕೊಟೇಶನ್ ನೋಡಿ’ ಎನ್ನುತ್ತಾನೆ. ಆಯ್ಕೆ ಅಲ್ಲಿಗೇ ಅರ್ಧ ಮುಗಿಯಿತು.

ಉಳಿದ ಅರ್ಧ ಬೀಗದ ಕೈಯದು. ನಿಮ್ಮ ಟ್ಯಾಲಿಯ ಸೀರಿಯಲ್ ಸಂಖ್ಯೆ ಯಾವ ಇ-ಮೇಲ್‌ಗೆ ನೋಂದಣಿಯಾಗಿದೆ ಎಂದು ಇವತ್ತೇ ನೋಡಿ. ಬೆಂಗಳೂರಿಗೆ ಹೋದ ಹುಡುಗ ತನ್ನದೇ ಇ-ಮೇಲ್ ಹಾಕಿದ್ದರೆ ಲೈಸೆನ್ಸಿಗೆ ದುಡ್ಡು ಕೊಟ್ಟವರು ನೀವು, ಕೀಲಿ ಇರುವುದು ಅವನಲ್ಲಿ. ಕಂಪ್ಯೂಟರ್ ಸುಟ್ಟುಹೋಗಿ ಹೊಸದಕ್ಕೆ ಲೈಸೆನ್ಸ್ ವರ್ಗಾಯಿಸಬೇಕಾದ ದಿನ ಅವನಿಗೆ ಫೋನ್ ಹಚ್ಚಿಕೊಂಡು ಕೂರಬೇಕಾಗುತ್ತದೆ. ಸರಕು ಸಾಗಿಸುವಾಗ ತೆಗೆಯುವ ಇ-ವೇ ಬಿಲ್ ಕೂಡ ಹಾಗೆಯೇ. 2025ರ ಏಪ್ರಿಲ್ 1ರಿಂದ ಆ ಪೋರ್ಟಲ್‌ಗೆ ಎಲ್ಲರೂ ಒ.ಟಿ.ಪಿ. ಹಾಕಿಯೇ ಒಳಗೆ ಹೋಗಬೇಕು. ಆ ಒ.ಟಿ.ಪಿ. ಯಾರ ಮೊಬೈಲಿಗೆ ಬರುತ್ತದೆ? ಕೆಲಸ ಬಿಟ್ಟು ಹೋದ ಗುಮಾಸ್ತನ ಮೊಬೈಲಿಗೆ ಬರುವ ಅಂಗಡಿಗಳನ್ನು ನಾನು ಬಲ್ಲೆ. ವೈಫೈ ರೂಟರ್, ಕ್ಯಾಮೆರಾದ ಚಿತ್ರ ತುಂಬಿಟ್ಟುಕೊಳ್ಳುವ ಡಿ.ವಿ.ಆರ್. ಪೆಟ್ಟಿಗೆ, ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್ ಖಾತೆ, ಜಿಮೇಲ್, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿ, ಲಕೋಟೆಗೆ ಹಾಕಿ, ಅಂಟಿಸಿ, ತಿಜೋರಿಯಲ್ಲಿಡಿ. ಇದಕ್ಕೆ ಒಪ್ಪದವರ ಜೊತೆ ಚೌಕಾಸಿಗೂ ಇಳಿಯಬೇಡಿ.

ಹಾಗೆ ಬರೆದಿಟ್ಟ ಲಕೋಟೆಯನ್ನು ಪರೀಕ್ಷಿಸುವುದಕ್ಕೆ ಆಯುಧ ಪೂಜೆಯಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಹೇಗೂ ಅಂದು ವ್ಯಾಪಾರ ಕಡಿಮೆ, ಕಂಪ್ಯೂಟರಿಗೆ ಅರಿಸಿನ ಕುಂಕುಮ ಹಚ್ಚುತ್ತೀರಿ. ಹಚ್ಚುವ ಮೊದಲು ಲಕೋಟೆ ಒಡೆದು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಿ, ಕೆಲಸ ಮಾಡದ್ದನ್ನು ಬದಲಿಸಿ, ಹೊಸ ಲಕೋಟೆಗೆ ಹಾಕಿ. (ಅಕ್ಷತೆ ಹಾಕುವಾಗ ಕೀಬೋರ್ಡ್ ಪಕ್ಕಕ್ಕಿಡಿ ಎಂದು ಇನ್ನೊಮ್ಮೆ ವಿನಂತಿ. ಸಿ.ಡಿ. ಡ್ರೈವ್‌ಗಳಿಂದ ನಾನು ತೆಗೆದಿರುವ ಅಕ್ಷತೆ ಕೂಡಿಸಿದರೆ ಒಂದು ಹೊತ್ತಿನ ಚಿತ್ರಾನ್ನಕ್ಕೆ ಸಾಕಾಗುತ್ತಿತ್ತು.)

ಸರಿ, ಯಾರನ್ನು ಹಿಡಿಯಬೇಕು? ನಾನಾಗಿದ್ದರೆ ಊರಿನ ಸರ್ವಿಸ್‌ನವರನ್ನು. ಮೂವರು ಹುಡುಗರಿದ್ದಾರೆ, ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಬರುತ್ತಾನೆ. ಆದರೆ 18,000ದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಎ.ಎಂ.ಸಿ.ಯಲ್ಲಿ ಎರಡು ಬಗೆ. ಬಿಡಿಭಾಗವನ್ನೂ ಅವರೇ ಹಾಕುವುದು ಒಂದು, ಬಿಡಿಭಾಗದ ದುಡ್ಡು ನಿಮ್ಮದು, ಕೂಲಿ ಮಾತ್ರ ಅವರದು ಎನ್ನುವುದು ಇನ್ನೊಂದು. ಆರು ಯಂತ್ರಕ್ಕೆ 18,000 ಎಂದರೆ ಇದು ಖಂಡಿತ ಎರಡನೆಯದು. ಯು.ಪಿ.ಎಸ್. ಬ್ಯಾಟರಿಯನ್ನು ಯಾರೂ ಸೇರಿಸುವುದಿಲ್ಲ, ಅದು ಎರಡು ಮೂರು ವರ್ಷಕ್ಕೊಮ್ಮೆ ಬರುವ ಖರ್ಚು ಎಂದು ಈಗಲೇ ಬದಿಗಿಟ್ಟುಬಿಡಿ. ಫೋನ್ ಮಾಡಿದ ಎಷ್ಟು ಗಂಟೆಯೊಳಗೆ ಬರುತ್ತಾರೆ ಎನ್ನುವುದು ಕಾಗದದ ಮೇಲಿರಲಿ. ಮೇ 15ರಿಂದ ಜುಲೈ 31ರವರೆಗೆ ಎರಡು ಗಂಟೆ, ಉಳಿದ ದಿನಗಳಲ್ಲಿ ಮರುದಿನ ಬಂದರೂ ಸರಿ ಎಂದು ಬರೆಯಿರಿ. ನಿಮಗೆ ತೊಂದರೆಯಿಲ್ಲದ ತಿಂಗಳುಗಳಲ್ಲಿ ಅವರಿಗೆ ಸಡಿಲ ಬಿಟ್ಟರೆ ಬಿತ್ತನೆ ಕಾಲದಲ್ಲಿ ಅವರು ಓಡಿಬರುತ್ತಾರೆ. ಮೂವತ್ತು ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಬಿಡಬಹುದು, ಬಿಡುವಾಗ ಪಾಸ್‌ವರ್ಡ್, ಬ್ಯಾಕಪ್ ಎಲ್ಲ ಒಪ್ಪಿಸಬೇಕು ಎನ್ನುವ ಸಾಲು ಮರೆಯಬೇಡಿ.

ಕೊನೆಗೊಂದು ಪ್ರಶ್ನೆ ಕೇಳಿ: ‘ನಿಮ್ಮನ್ನು ಬಿಟ್ಟು ಹೋದ ಗಿರಾಕಿ ಯಾರು?’ ಒಬ್ಬ ಸೇಟು ನನಗೆ ಇದನ್ನು ಕೇಳಿದಾಗ ಬೆವರಿಬಿಟ್ಟಿದ್ದೆ. ಸಂತೋಷವಾಗಿರುವ ಗಿರಾಕಿಗಳ ಪಟ್ಟಿ ಎಲ್ಲರ ಜೇಬಿನಲ್ಲೂ ಇರುತ್ತದೆ. ಬಿಟ್ಟುಹೋದವರ ಹೆಸರು ಹೇಳುವವನಿಗೆ ಮುಚ್ಚಿಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನಾನು ಅಕ್ಕಿ ಗಿರಣಿಯ ಹೆಸರು ಹೇಳಿದೆ. ಸೇಟು ಅಲ್ಲಿಗೆ ಫೋನ್ ಮಾಡಿದರಂತೆ. ಆಮೇಲೆ ಹನ್ನೊಂದು ವರ್ಷ ಆ ಸೇಟುವಿನ ಕೆಲಸ ನಾನೇ ಮಾಡಿದೆ.

ಬೆಂಗಳೂರಿನ ಕಂಪನಿ ಕೆಟ್ಟದ್ದೆಂದಲ್ಲ. ಇಪ್ಪತ್ತೈದು ಯಂತ್ರ, ಮೂರು ಊರುಗಳಲ್ಲಿ ಶಾಖೆ ಇದ್ದರೆ ಅದೇ ಸರಿ. ನಿಮ್ಮಲ್ಲಿ ಕೈಕೊಡುವುದು ಹೆಚ್ಚಾಗಿ ಪ್ರಿಂಟರಿನ ರೋಲರ್, ಗೊಬ್ಬರದ ಧೂಳು ಕುಡಿದ ಫ್ಯಾನ್. ಅವನ್ನು ಬೆಂಗಳೂರಿನಲ್ಲಿ ಕುಳಿತು ಸರಿಮಾಡುವುದು ಹೇಗೆ?

ಒಂದು ಮಾತು ಬಿಟ್ಟೆ. ಕರೆದಾಗ ಬರುವ ಹುಡುಗ ‘ವಿಂಡೋಸ್, ಆಫೀಸ್ ಎಲ್ಲ ಫ್ರೀಯಾಗಿ ಹಾಕಿಕೊಡುತ್ತೇನೆ’ ಎಂದರೆ ಅದು ಕ್ರ್ಯಾಕ್ ಮಾಡಿದ್ದೇ. ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಡಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷದವರೆಗೆ ದಂಡ. ಸಿಕ್ಕಿಬೀಳುವುದು ಹಾಕಿಕೊಟ್ಟ ಹುಡುಗನೊಬ್ಬನೇ ಎಂದುಕೊಳ್ಳಬೇಡಿ, ಬಳಸಿದ ನೀವೂ ಹೌದು.

ಮುದ್ರಣಾಲಯದವರು, ಗದಗ: ನಮ್ಮ ನಾಲ್ಕು ಯಂತ್ರಗಳಲ್ಲಿ ವಿಂಡೋಸ್ 10 ಇದೆ, ಒಂದರಲ್ಲಿ ಇನ್ನೂ ವಿಂಡೋಸ್ 7. ಮದುವೆ ಕಾರ್ಡು, ಕ್ಯಾಲೆಂಡರ್, ಮಠಗಳ ಪುಸ್ತಕ ಎಲ್ಲ ಪೇಜ್‌ಮೇಕರ್ (ಪುಟ ಕಟ್ಟುವ ತಂತ್ರಾಂಶ) ಮತ್ತು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿವೆ. ಹೊಸ ಸರ್ವಿಸ್‌ನವರು ‘ಇವೆಲ್ಲ ಗುಜರಿ, ಐದೂ ಹೊಸದು ತೆಗೆದುಕೊಳ್ಳಿ’ ಎಂದರು. ನಿಜವೇ?

ಅರ್ಧ ನಿಜ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ರಕ್ಷಣೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಂದು ಯಂತ್ರ ಮರುದಿನವೇ ಸಾಯುವುದಿಲ್ಲ. ಹೊಸ ತೂತುಗಳಿಗೆ ತೇಪೆ ಹಾಕುವುದು ನಿಲ್ಲುತ್ತದೆ, ಅಷ್ಟೇ. ಇಂಟರ್‌ನೆಟ್‌ನಲ್ಲಿರುವ ಯಂತ್ರಕ್ಕೆ ಅದು ಅಪಾಯ, ಇಲ್ಲದ ಯಂತ್ರಕ್ಕೆ ಅಷ್ಟಾಗಿ ಇಲ್ಲ. ನಾಲ್ಕರಲ್ಲಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್, ಟಿ.ಪಿ.ಎಂ. 2.0 ಎನ್ನುವ ಭದ್ರತೆಯ ಚಿಪ್ ಇದ್ದವುಗಳಿಗೆ ವಿಂಡೋಸ್ 11 ಹಾಕಿಸಬಹುದು. ಇದನ್ನು ನೋಡದೆಯೇ ‘ಐದೂ ಹೊಸದು’ ಎಂದವರು ಬಂದದ್ದು ಮಾರುವುದಕ್ಕೆ.

ನಿಮ್ಮ ಹಳೆಯ ವಿಂಡೋಸ್ 7 ಯಂತ್ರವನ್ನು ಮಾತ್ರ ಗುಜರಿಗೆ ಹಾಕಬೇಡಿ. ಇಂಟರ್‌ನೆಟ್ ತಂತಿ ಕಿತ್ತು, ಹಳೆಯ ಕಡತ ತೆರೆಯುವುದಕ್ಕೆಂದೇ ಒಂದು ಮೂಲೆಯಲ್ಲಿಡಿ. ಹೊಸ ಯಂತ್ರದಲ್ಲಿ ಪೇಜ್‌ಮೇಕರ್ ತೆರೆದುಕೊಳ್ಳಬಹುದು, ತೆರೆದುಕೊಳ್ಳದೆಯೂ ಹೋಗಬಹುದು. ಆ ಜೂಜು ಮದುವೆ ಸೀಸನ್ನಿನಲ್ಲಿ ಬೇಡ.

ಆಯ್ಕೆಗೆ ನಿಮಗೊಂದು ಬೇರೆಯೇ ಪರೀಕ್ಷೆ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಅಕ್ಷರಗಳಲ್ಲಿ ಕೂಡಿಸಿದ ಒಂದು ಲಗ್ನಪತ್ರಿಕೆಯನ್ನು ಸರ್ವಿಸ್ ಹುಡುಗನಿಗೆ ಕೊಟ್ಟು, ಇದನ್ನು ಯೂನಿಕೋಡ್‌ಗೆ ಬದಲಿಸಿ ತನ್ನಿ ಎನ್ನಿ. ಬಂದ ಮೇಲೆ ‘ಆಶೀರ್ವಾದ’, ‘ಕಾರ್ಯಕ್ರಮ’ ಎನ್ನುವ ಪದಗಳನ್ನೇ ಹುಡುಕಿ. ಅರ್ಕಾವತ್ತು ಜಾಗ ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿದ್ದರೆ, ಒತ್ತು ಕಳಚಿಕೊಂಡು ಬಿದ್ದಿದ್ದರೆ, ಅದನ್ನು ಅವನು ತಾನಾಗಿ ಗಮನಿಸಿ ತಿದ್ದಿದ್ದಾನೆಯೇ? ಯಂತ್ರ ಬದಲಿಸಿ ಕೊಟ್ಟದ್ದನ್ನು ಹಾಗೆಯೇ ತಂದು ಒಪ್ಪಿಸಿದವನಿಗೆ ನಿಮ್ಮ ಮೂವತ್ತು ವರ್ಷದ ಕಡತ ಕೊಡಬೇಡಿ. ವಧುವಿನ ಹೆಸರಿನಲ್ಲಿ ಒಂದು ಒತ್ತು ಬಿದ್ದರೂ ಸಾವಿರ ಕಾರ್ಡು ಮತ್ತೆ ಅಚ್ಚು ಹಾಕಬೇಕಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಹೋಂಸ್ಟೇ ನಡೆಸುವವರು, ಸಕಲೇಶಪುರ: ಆರು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ಸೈಟ್ ನಿಂತುಹೋಗಿದೆ. ಅದೇ ಹೆಸರಿನ ಇ-ಮೇಲ್‌ಗೆ ಗಿರಾಕಿಗಳು ಬರೆಯುತ್ತಾರೆ, ಅದೂ ಬರುತ್ತಿಲ್ಲ. ಹೊಸಬರು ‘ಬೇರೆ ಹೆಸರು ತೆಗೆದುಕೊಳ್ಳೋಣ’ ಎನ್ನುತ್ತಿದ್ದಾರೆ.

ಹೊಸ ಹೆಸರಿನ ಮಾತು ಆಮೇಲೆ, ಮೊದಲು ಗಡಿಯಾರ ನೋಡಿ. ನಿಮ್ಮದು ಡಾಟ್ ಕಾಮ್ ಎಂದು ಬರೆದಿದ್ದೀರಿ. ಅವಧಿ ಮುಗಿದ ಡಾಟ್ ಕಾಮ್ ಹೆಸರು ಆ ಕ್ಷಣವೇ ಬೇರೆಯವರ ಪಾಲಾಗುವುದಿಲ್ಲ. ಮೊದಲು ಮಾಮೂಲಿ ದರದಲ್ಲಿ ನವೀಕರಿಸಬಹುದಾದ ಕೆಲವು ದಿನ, ಅದು ದಾಟಿ ಹೆಸರು ಅಳಿಸುವ ಪಟ್ಟಿಗೆ ಹೋದರೂ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದಾದ 30 ದಿನ, ಆಮೇಲೆ ಐದು ದಿನ ಕಾದು ಹೆಸರು ಬಯಲಿಗೆ ಬೀಳುತ್ತದೆ. ಮೊದಲ ಹಂತದ ದಿನಗಳು ನೋಂದಣಿ ಮಾಡಿದ ಕಂಪನಿಯ ಮೇಲೆ ಹೆಚ್ಚುಕಡಿಮೆಯಾಗುತ್ತವೆ. ಆದ್ದರಿಂದ ಇವತ್ತೇ ‘ಹೂ ಈಸ್’ (WHOIS) ಹುಡುಕಾಟದಲ್ಲಿ ನಿಮ್ಮ ಸೈಟಿನ ಹೆಸರು ಹಾಕಿ ನೋಡಿ. ಅವಧಿ ಎಂದು ಮುಗಿಯಿತು, ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ ಎರಡೂ ಸಿಗುತ್ತವೆ. ಆ ಕಂಪನಿಗೆ ನೇರವಾಗಿ ಬರೆಯಿರಿ. ನೋಂದಣಿದಾರರ ಹೆಸರು ನಿಮ್ಮದಾಗಿದ್ದರೆ ಗುರುತಿನ ದಾಖಲೆ ಕೊಟ್ಟು ಬಿಡಿಸಿಕೊಳ್ಳುವ ದಾರಿ ಇದೆ. ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಫೋನ್ ಬಿಟ್ಟು ಅವರ ಮನೆಗೇ ಹೋಗಿ. ಜಗಳಕ್ಕಲ್ಲ, ನವೀಕರಣದ ದುಡ್ಡು ಹಿಡಿದುಕೊಂಡು ಹೋಗಿ, ಎದುರಿಗೇ ಕುಳಿತು ಖಾತೆಯನ್ನು ನಿಮ್ಮ ಇ-ಮೇಲ್‌ಗೆ ಬದಲಿಸಿಕೊಂಡು ಬನ್ನಿ. ಇಂಥವರಲ್ಲಿ ಮೋಸಗಾರರಿಗಿಂತ ಮೈಗಳ್ಳರು ಹೆಚ್ಚು. ಕೆಲಸ ಬಿಟ್ಟಿರುತ್ತಾರೆ, ಸಂಕೋಚಕ್ಕೆ ಫೋನ್ ಎತ್ತುವುದಿಲ್ಲ.

ಹೊಸಬರ ವಿಷಯ. ಕೈಯಲ್ಲಿರುವ ಹೆಸರನ್ನು ಬಿಡಿಸಿಕೊಳ್ಳುವ ಪ್ರಯತ್ನವನ್ನೂ ಮಾಡದೆ ಹೊಸದು ಕೊಳ್ಳೋಣ ಎಂದರಲ್ಲ, ಅದು ನನಗೆ ಹಿಡಿಸಲಿಲ್ಲ. ಆರು ವರ್ಷದಿಂದ ಗಿರಾಕಿಗಳ ಮೊಬೈಲಿನಲ್ಲಿ ಉಳಿದಿರುವ ಹೆಸರದು. ಇನ್ನೊಬ್ಬರನ್ನೂ ಕೇಳಿ ನೋಡಿ.

ಕಬ್ಬಿಣದ ವ್ಯಾಪಾರಿ, ಹುಬ್ಬಳ್ಳಿ: ರಾತ್ರಿ ಮನೆಯಿಂದಲೇ ಅಂಗಡಿಯ ಟ್ಯಾಲಿ ನೋಡುವಂತೆ ನಮ್ಮ ಸರ್ವಿಸ್‌ನವರು ವ್ಯವಸ್ಥೆ ಮಾಡಿಕೊಟ್ಟಿದ್ದಾರೆ. ಯಾವ ತಂತ್ರಾಂಶಕ್ಕೂ ದುಡ್ಡು ಕೊಟ್ಟಿಲ್ಲ. ನಮ್ಮ ಆಡಿಟರ್ ಇದು ಅಪಾಯ ಎಂದರು. ಯಾರ ಮಾತು ಕೇಳಲಿ?

ಆಡಿಟರ ಮಾತು. ನೀವು ಕಳುಹಿಸಿದ ಫೋಟೋದಲ್ಲಿ ರೂಟರಿನ ಪರದೆ ಇದೆ, ಅದರಲ್ಲಿ 3389 ಎನ್ನುವ ಅಂಕಿ ಇದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು ಅದು. ನಿಮ್ಮವರು ಆ ಬಾಗಿಲನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದಾರೆ. ತೆರೆದ 3389 ಎಲ್ಲಿದೆ ಎಂದು ಹುಡುಕುವುದನ್ನೇ ಹಗಲೂ ರಾತ್ರಿ ಮಾಡುವ ಯಂತ್ರಗಳಿವೆ. ಸಿಕ್ಕಿದ ಕೂಡಲೇ ಸುಲಭದ ಪಾಸ್‌ವರ್ಡ್‌ಗಳನ್ನು ಒಂದಾದ ಮೇಲೊಂದು ಹಾಕುತ್ತ ಹೋಗುತ್ತವೆ. ನಿಮ್ಮ ಪಾಸ್‌ವರ್ಡ್ ಅಂಗಡಿಯ ಹೆಸರು ಮತ್ತು 123 ಅಲ್ಲ ತಾನೆ? ಒಳಗೆ ಬಂದವರು ಟ್ಯಾಲಿಯ ಕಡತಗಳಿಗೆಲ್ಲ ಗೂಢಲಿಪಿಯ ಬೀಗ ಜಡಿದು, ಬಿಡಿಸಬೇಕಾದರೆ ಇಷ್ಟು ದುಡ್ಡು ಕೊಡಿ ಎಂದು ಚೀಟಿ ಇಟ್ಟು ಹೋಗುತ್ತಾರೆ. ಯು.ಎಸ್.ಬಿ.ಗೆ ಸದಾ ಚುಚ್ಚಿಯೇ ಇಟ್ಟ ಬ್ಯಾಕಪ್ ಡಿಸ್ಕಿಗೂ ಅದೇ ಬೀಗ ಬೀಳುತ್ತದೆ.

ಇವತ್ತು ಸಂಜೆಯೇ ರೂಟರಿನಲ್ಲಿ ಆ ಸಾಲು ಅಳಿಸಿಸಿ. ಮನೆಯಿಂದ ನೋಡಲೇಬೇಕಾದರೆ ವಿ.ಪಿ.ಎನ್. (ಬೇರೆಯವರು ನುಗ್ಗಲಾಗದ ಖಾಸಗಿ ದಾರಿ) ಮೂಲಕ ಮಾಡಿಕೊಡಲು ಹೇಳಿ. ‘ಅದು ಬೇಕಿಲ್ಲ, ಏನೂ ಆಗುವುದಿಲ್ಲ’ ಎಂದರೆ ಬೇರೆಯವರನ್ನು ನೋಡಿ. ಈ ಒಂದು ವಿಷಯದಲ್ಲಿ ನಾನು ಎರಡನೇ ಅವಕಾಶ ಕೊಡುವುದಿಲ್ಲ. ಎರಡು ಡಿಸ್ಕ್ ಕೊಂಡು ವಾರಕ್ಕೊಂದರಂತೆ ಅದಲುಬದಲು ಮಾಡಿ, ಒಂದು ಸದಾ ಮನೆಯ ಬೀರುವಿನಲ್ಲಿರಲಿ. ಜಿ.ಎಸ್.ಟಿ. ಕಾಯಿದೆಯ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ‘ಕಳ್ಳರು ಬೀಗ ಹಾಕಿದರು’ ಎಂದು ಅಧಿಕಾರಿಯ ಮುಂದೆ ಕೈ ಚೆಲ್ಲಿದರೆ ಕೆಲಸ ಆಗುವುದಿಲ್ಲ. ಒಂದು ವೇಳೆ ಈಗಾಗಲೇ ಏನಾದರೂ ಆಗಿದ್ದರೆ ತಂತಿ ಕಿತ್ತು, ಯಂತ್ರ ಫಾರ್ಮ್ಯಾಟ್ ಮಾಡದೆ, ಸೈಬರ್ ಅಪರಾಧ ನೋಡಿಕೊಳ್ಳುವ ಸಿ.ಇ.ಎನ್. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಬ್ಯಾಂಕಿನಿಂದ ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಂಪ್ಯೂಟರ್ ಸರ್ವಿಸ್ ಅಂಗಡಿಯ ಯುವಕ, ಚಿತ್ರದುರ್ಗ: ಸರ್, ನೀವು ಯಾವಾಗಲೂ ಗಿರಾಕಿಗಳ ಪರವಾಗಿಯೇ ಬರೆಯುತ್ತೀರಿ. ನಮ್ಮ ಕಷ್ಟ ಕೇಳುವವರಾರು? ರಾತ್ರಿ ಹನ್ನೊಂದಕ್ಕೆ ಕರೆಯುತ್ತಾರೆ, ಬಿಲ್ ಕೊಟ್ಟರೆ ಆರು ತಿಂಗಳು ಓಡಾಡಿಸುತ್ತಾರೆ.

ಬೈದದ್ದು ಸರಿ ತಮ್ಮ, ಒಪ್ಪಿಕೊಂಡೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಶುಲ್ಕವಿಲ್ಲ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಡಿ ಸಣ್ಣ ಉದ್ದಿಮೆಯ ಬಿಲ್ಲನ್ನು, ಬರವಣಿಗೆಯ ಕರಾರು ಇದ್ದರೂ 45 ದಿನ ಮೀರದಂತೆ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆದರೆ ಊರಿನಲ್ಲಿ ಬಾಳುವವನು ಗಿರಾಕಿಯ ಮೇಲೆ ದೂರು ಹಾಕುವುದು ಕಷ್ಟ ಎಂದು ನನಗೂ ಗೊತ್ತು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಮತ್ತು ‘45 ದಿನ’ ಎಂದು ಅಚ್ಚು ಹಾಕಿಸಿಬಿಡಿ. ಮಿಕ್ಕದ್ದನ್ನು ಗಿರಾಕಿಯ ಆಡಿಟರ್ ನೋಡಿಕೊಳ್ಳುತ್ತಾರೆ.

ಬಿಲ್ ಕೊಟ್ಟಿಲ್ಲ ಎಂದು ಪಾಸ್‌ವರ್ಡ್ ಬದಲಿಸಿ ಕೂತಿರುವುದಾಗಿಯೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಇವತ್ತೇ ಹೋಗಿ ಸರಿಮಾಡಿ. ಬಾಕಿ ನಿಮ್ಮದು, ಲೆಕ್ಕ ಅವರದು.

ಬಟ್ಟೆ ಅಂಗಡಿ, ಇಳಕಲ್ಲು: ಎಲ್ಲವನ್ನೂ ಕ್ಲೌಡ್‌ಗೆ ಹಾಕಿದರೆ ಸರ್ವಿಸ್‌ನವರ ಹಂಗೇ ಬೇಡವಲ್ಲವೇ?

ಇಂಟರ್‌ನೆಟ್ ಹೋದ ದಿನ ಬೇಕು. ಪ್ರಿಂಟರ್ ಕಾಗದ ನುಂಗಿದ ದಿನವೂ ಬೇಕು.

ಕೊಬ್ಬರಿ ಮಂಡಿ ನಡೆಸುವ ಗೃಹಿಣಿ, ತಿಪಟೂರು: ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಂಡಿ ನಾನೇ ನೋಡಿಕೊಳ್ಳುತ್ತಿದ್ದೇನೆ. ಕಂಪ್ಯೂಟರ್ ನೋಡುವವನು ನಮ್ಮ ಬೀಗರ ಮಗ. ಒಳ್ಳೆಯ ಹುಡುಗ, ಆದರೆ ಕರೆದರೆ ನಾಲ್ಕು ದಿನಕ್ಕೆ ಬರುತ್ತಾನೆ. ಎರಡು ಸಲ ಬ್ಯಾಕಪ್ ಇಲ್ಲದೆ ಪೇಚಾಡಿದೆವು. ಬೇರೆಯವರನ್ನು ಇಟ್ಟುಕೊಂಡರೆ ಬೀಗರು ಬೇಸರ ಮಾಡಿಕೊಳ್ಳುತ್ತಾರೆ, ಮಗಳ ಸಂಸಾರದ ಪ್ರಶ್ನೆ.

ಅಮ್ಮ, ಈ ಸಲದ ಕಷ್ಟದ ಪ್ರಶ್ನೆ ನಿಮ್ಮದೇ. ಮೊದಲು ನಾನೊಂದು ಕೇಳುತ್ತೇನೆ, ಬೇಸರಿಸಬೇಡಿ. ಅವನಿಗೆ ಇದುವರೆಗೆ ಎಷ್ಟು ಕೊಟ್ಟಿದ್ದೀರಿ? ನಿಮ್ಮ ಪತ್ರದಲ್ಲಿ ‘ಬಂದಾಗಲೆಲ್ಲ ಊಟ ಹಾಕಿಯೇ ಕಳುಹಿಸುತ್ತೇವೆ’ ಎಂದಿದೆ, ದುಡ್ಡಿನ ಮಾತೇ ಇಲ್ಲ. ಪುಕ್ಕಟೆ ಕೆಲಸ ಮಾಡುವವನು ತನಗೆ ಪುರುಸೊತ್ತಾದಾಗ ಬರುತ್ತಾನೆ, ಅವನನ್ನು ತಡವಾಯಿತೇಕೆ ಎಂದು ಕೇಳುವ ಬಾಯಿ ನಿಮಗಿಲ್ಲ. ಅವನಿಗೂ ಹೆಂಡತಿ ಮಕ್ಕಳು ಇರಬಹುದು, ಬೇರೆ ಕಡೆ ದುಡಿಯಬೇಕು.

ಆದ್ದರಿಂದ ಅವನನ್ನು ಬಿಡಬೇಡಿ, ಕೆಲಸ ಹಂಚಿ. ಕ್ಯಾಮೆರಾ, ಪ್ರಿಂಟರ್, ತಂತಿ ಅವನಿಗಿರಲಿ. ಬ್ಯಾಕಪ್ ಮತ್ತು ಟ್ಯಾಲಿಯನ್ನು ಮಾತ್ರ ಬೇರೆಯವರಿಗೆ ಕೊಡಿ. ಬೀಗರ ಮುಂದೆ ಹೇಳುವುದಕ್ಕೆ ಮಾತೂ ಇದೆ: ಆಡಿಟರ್ ಹಾಗೆ ಹೇಳಿದರು ಎನ್ನಿ. ಆಡಿಟರು ಇರುವುದೇ ಇಂಥದ್ದಕ್ಕೆ. ಹೊಸಬರು ಬರುವ ಮುನ್ನ ಹುಡುಗನನ್ನು ಕರೆದು ಟ್ಯಾಲಿಯ ಇ-ಮೇಲ್, ಪಾಸ್‌ವರ್ಡ್‌ಗಳನ್ನೆಲ್ಲ ಅವನ ಕೈಯಿಂದಲೇ ಬರೆಸಿಕೊಳ್ಳಿ. ಇ-ವೇ ಬಿಲ್‌ನಲ್ಲಿ ಇನ್ನೂ ಯಜಮಾನರ ಮೊಬೈಲ್ ಸಂಖ್ಯೆಯೇ ಇದ್ದರೆ ಆ ಸಿಮ್ ನಿಂತುಹೋಗುವ ಮೊದಲು ನಿಮ್ಮದಕ್ಕೆ ಬದಲಿಸಿಸಿ. ಇದೊಂದನ್ನು ಮುಂದೂಡಬೇಡಿ.

ಆಮೇಲೆ ಅವನಿಗೂ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ, ಬೇಡ ಬೇಡ ಎನ್ನುತ್ತಾನೆ, ಬ್ಯಾಂಕಿಗೇ ಹಾಕಿ. ಊಟವನ್ನು ಮಾತ್ರ ನಿಲ್ಲಿಸಬೇಡಿ.